ಅಮಾವಾಸ್ಯೆಗೆ ಮುಚ್ಚಬೇಕಿದ್ದ ಗೇಟು

ನನಗೆ ಕಾಯುವುದೆಂದರೆ ಆಗದು. ಬಸ್ಸು ಸ್ವಲ್ಪ ತಡವಾದರೂ ಮುಂದಿನ ಸ್ಟಾಪಿನವರೆಗೆ ನಡೆದೇ ಬಿಡುವವನು ನಾನು. ಇಂಥವನಿಗೆ ದೇವರು ಎಂಥ ಹೆಂಡತಿಯನ್ನು ಗಂಟು ಹಾಕಿದನೆಂದರೆ, ಅವಳ ಕೆಲಸವೇ ಕಾಯುವುದು. ಅದಕ್ಕೆ ಅವಳಿಗೆ ಸಂಬಳ ಬೇರೆ!

ನಾನು ವಿರುಪಣ್ಣ, ಹೊಸಗಣಿ ಹೈಸ್ಕೂಲಿನ ಪಿ.ಟಿ. ಮಾಸ್ತರ. ಅವಳು ಮಹಾನಂದಾ, ಅದೇ ಊರಿನ ಗಣಿಯ ಮಾಪನ ಕೇಂದ್ರದಲ್ಲಿ ವಿಜ್ಞಾನಿ. ಊರಿನವರ ಬಾಯಲ್ಲಿ 'ಕೌಂಟರ್ ಮೇಡಂ'. ಹೆಸರಿಗೆ ಹೊಸಗಣಿಯಾದರೂ ಅಲ್ಲಿಯ ಚಿನ್ನ ನನ್ನ ಅಜ್ಜನ ಕಾಲಕ್ಕೇ ಮುಗಿದಿತ್ತು. ಓಣಿಗಳು ಖಾಲಿಯಾಗಿ, ಬೀಗ ಹಾಕಿದ ಮನೆಗಳ ಸುತ್ತ ಜಾಲಿ ಬೆಳೆದಿತ್ತು. ಆಮೇಲೆ ಯಾರಿಗೋ ಒಂದು ಯೋಚನೆ ಹೊಳೆಯಿತು. ಬಿಸಿಲಿನ ವಿದ್ಯುತ್ತನ್ನು ಕೂಡಿಡಲು ರಾಸಾಯನಿಕ ತುಂಬಿದ ಬ್ಯಾಟರಿಯೇ ಏಕೆ ಬೇಕು? ಇಷ್ಟು ಆಳದ ಗಣಿಬಾವಿ ಸಿದ್ಧವಾಗಿಯೇ ಇದೆಯಲ್ಲ? ಹಗಲೆಲ್ಲ ಬಿಸಿಲಿನ ಬಲದಿಂದ ಒಂದು ಭಾರೀ ತೂಕವನ್ನು ಮೇಲಕ್ಕೆಳೆಯುವುದು, ಸಂಜೆಯಾದ ಮೇಲೆ ಅದನ್ನು ಮೆಲ್ಲಗೆ ಇಳಿಸುತ್ತ ಯಂತ್ರ ತಿರುಗಿಸಿ ವಿದ್ಯುತ್ ತೆಗೆಯುವುದು. ಕಬ್ಬಿಣ, ಕಾಂಕ್ರೀಟು ತುಂಬಿದ, ಒಂದು ಮನೆಯಷ್ಟು ದೊಡ್ಡ ಆ ತೂಕಕ್ಕೆ ಊರಿನವರು 'ಗುಂಡು' ಎಂದು ಹೆಸರಿಟ್ಟರು. ನಮ್ಮ ಕಡೆ ಹಬ್ಬ ಬಂತೆಂದರೆ ಹುಡುಗರು ಗುಂಡು ಎತ್ತುವ ಪಂದ್ಯ ಕಟ್ಟುತ್ತಾರೆ. ಹೊಸಗಣಿಯಲ್ಲಿ ಸೂರ್ಯನೇ ದಿನಾ ಎತ್ತುತ್ತಾನೆ. ಗುಂಡಿನಿಂದ ಊರಿಗೆ ದೀಪ ಬಂತು, ಗಿರಣಿ ಬಂತು, ಆಸ್ಪತ್ರೆ ಬಂತು, ನನ್ನ ಶಾಲೆಯೂ ಬಂತು.

ಆದರೆ ಅಷ್ಟು ಭಾರ ದಿನಾ ಹತ್ತಿ ಇಳಿಯುತ್ತಿದ್ದರೆ ಬಂಡೆ ಸುಮ್ಮನಿರುತ್ತದೆಯೇ? ಅದನ್ನು ವಿಚಾರಿಸಿಕೊಳ್ಳುವುದೇ ಮಹಾನಂದಾಳ ಕೆಲಸ. ಗಣಿಯ ಕೆಳಗಿನ ಸುರಂಗದ ಬಂಡೆಯೊಳಗೆ ಅವಳೇ ನಿಂತು ಒಂದು ಸ್ಫಟಿಕದ ಹರಳನ್ನು ಹುಗಿಸಿದ್ದಳು. ವಿದ್ಯುತ್ ಕೊಟ್ಟರೆ ಆ ಹರಳು ಸೆಕೆಂಡಿಗೆ ಲಕ್ಷಾಂತರ ಸಲ ನಡುಗುತ್ತದೆ. ಸುತ್ತಲಿನ ಬಂಡೆ ಅದನ್ನು ಒತ್ತಿದರೆ ನಡುಕ ತುಸು ಚುರುಕಾಗುತ್ತದೆ. ತುಸು ಅಂದರೆ ಹತ್ತು ಲಕ್ಷಕ್ಕೆ ಹತ್ತೋ ಇಪ್ಪತ್ತೋ ಹೆಚ್ಚು, ಅಷ್ಟೇ. ಆ ನಡುಕವನ್ನು ಎಣಿಸಲು ಮೇಲೆ ಕೇಂದ್ರದಲ್ಲಿ ಒಂದು ಹಳೆಯ ಫ್ರೀಕ್ವೆನ್ಸಿ ಕೌಂಟರ್ ಇತ್ತು.

"ಎಣಸಾಕ ತಿಂಗಳಗಟ್ಟಲೆ ಯಾಕ ಬೇಕು?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

"ನಿಮ್ಮ ಸಾಲಿ ಹುಡುಗ್ರು ಇಬ್ಬರು ಒಂದ ಸಮ ಓಡ್ತಾರ ಅನ್ಕೊಳ್ರಿ," ಎಂದಳು. "ಒಂದು ಸುತ್ತಿಗೆ ಯಾರು ಜೋರು ಅಂತ ಗೊತ್ತಾಗ್ತೈತೇನು? ಸಾವಿರ ಸುತ್ತು ಓಡಸ್ರಿ. ಕೂದಲೆಳಿ ಅಷ್ಟು ಫರಕ್ ಇದ್ರೂ ಆವಾಗ ಒಬ್ಬಾಂವ ಮುಂದ ಕಾಣ್ತಾನ."

ಕೌಂಟರಿನೊಳಗೆ ಒಂದು ಗೇಟಿದೆಯಂತೆ. ಬಾಗಿಲಿನ ಗೇಟಲ್ಲ, ವಿದ್ಯುತ್ತಿನ ಗೇಟು. ಅದು ತೆರೆದಿರುವಷ್ಟು ಕಾಲ ಹರಳಿನ ನಡುಕಗಳು ಒಳಗೆ ಬರುತ್ತವೆ, ಯಂತ್ರ ಎಣಿಸಿಕೊಳ್ಳುತ್ತದೆ. ಗೇಟು ಮುಚ್ಚಿದ ಮೇಲೆಯೇ ಲೆಕ್ಕ ಹೊರಗೆ ಬರುವುದು. ಅಲ್ಲಿಯವರೆಗೆ ಕಾಣುವುದು ಒಂದು ಹಸಿರು ದೀಪ ಮಾತ್ರ. ನಡುವೆ ಒಂದು ತಂತಿ ಅಲುಗಿದರೂ ಅಷ್ಟೂ ಎಣಿಕೆ ಹೋಯಿತೆಂದೇ ಲೆಕ್ಕ. ಹೊಸಗಣಿಯ ಗೇಟು ಒಂದು ಅಮಾವಾಸ್ಯೆಗೆ ತೆರೆದರೆ ಮುಂದಿನ ಅಮಾವಾಸ್ಯೆಗೇ ಮುಚ್ಚುವುದು. ಗುಂಡು ದಿನಾ ಹತ್ತಿಳಿಯುವಾಗ ಬಂಡೆ ಹಿಗ್ಗಿ ಕುಗ್ಗುತ್ತದೆ; ಚಂದ್ರ ಕೂಡ ಸಮುದ್ರದಂತೆ ನೆಲವನ್ನೂ ಒಂದಿಷ್ಟು ಎಳೆಯುತ್ತಾನೆ. ಪೂರ್ತಿ ತಿಂಗಳು ಎಣಿಸಿದರೆ ಈ ಏರಿಳಿತಗಳು ಒಂದಕ್ಕೊಂದು ವಜಾ ಆಗಿ ಬಂಡೆಯ ನಿಜವಾದ ಒತ್ತಡ ಮಾತ್ರ ಉಳಿಯುತ್ತದೆ.

ಕಡಿಮೆ ಎಣಿಸಿದರೆ ಏನಾಗುತ್ತದೆ ಎಂಬುದನ್ನು ಊರು ಒಮ್ಮೆ ಕಂಡಿತ್ತು. ಅರ್ಧ ದಿನದ ಎಣಿಕೆ ನೋಡಿ ಗಾಬರಿಯಾಗಿ ಗುಂಡು ನಿಲ್ಲಿಸಿದ್ದರು. ಬಂಡೆಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಉಸಿರಾಟದ ಯಂತ್ರ ನಿಂತು ಒಬ್ಬ ಮುದುಕಿ ಹೋಗಿಬಿಟ್ಟಳು. ಅದಾದ ಮೇಲೆ ಆಸ್ಪತ್ರೆಗೊಂದು ಡೀಸೆಲ್ ಜನರೇಟರ್ ಬಂತು, ಊರಿಗೊಂದು ನಿಯಮ ಬಂತು: ಪೂರ್ತಿ ಗೇಟಿನ ಲೆಕ್ಕವಿಲ್ಲದೆ ಗುಂಡು ನಿಲ್ಲಿಸಕೂಡದು. ಆ ನಿಯಮ ಬರೆದವಳು ಮಹಾನಂದಾಳೇ. ಬರೆಯುವಾಗ ಅತ್ತಿದ್ದಳು.

ಇಷ್ಟಾದ ಮೇಲೆ ಸೂರ್ಯನಲ್ಲೊಂದು ದೊಡ್ಡ ಬಿರುಗಾಳಿ ಎದ್ದು, ನಮಗೆಲ್ಲ ಟೈಮು ಹೇಳುತ್ತಿದ್ದ ಉಪಗ್ರಹಗಳು ಕೆಟ್ಟುಹೋದವು. ಒಂದೊಂದು ಊರೂ ತನ್ನ ಗಡಿಯಾರವನ್ನು ತಾನೇ ನೋಡಿಕೊಳ್ಳಬೇಕಾಯಿತು. ಬೇರೆಯವರು ಪರದಾಡಿದರು, ಹೊಸಗಣಿ ಮಾತ್ರ ಮೀಸೆ ತಿರುವಿತು. ನಮ್ಮಲ್ಲಿ ಹರಳಿದೆಯಲ್ಲ! ಬಿಸಿಲು ಚಳಿ ತಾಕದ ಆಳದಲ್ಲಿ, ಅಲ್ಲಾಡದೆ ನಡುಗುತ್ತಿರುವ ಹರಳು. ಬಸ್ ಸ್ಟ್ಯಾಂಡಿನ ಗಡಿಯಾರ, ಗಿರಣಿಯ ಸೈರನ್ನು, ನನ್ನ ಶಾಲೆಯ ಗಂಟೆ, ಎಲ್ಲರ ಫೋನು, ಎಲ್ಲವನ್ನೂ ಅದಕ್ಕೇ ಕಟ್ಟಿದರು. ಅದಕ್ಕೆ 'ಕಲ್ಲಿನ ಟೈಮು' ಎಂಬ ಹೆಸರಾಯಿತು. ಜನ ಬಹಳ ಬೇಗ ಒಗ್ಗಿಕೊಂಡರು. ಪರವೂರಿನಿಂದ ಬಂದ ಬಸ್ಸು ಐದು ನಿಮಿಷ ತಡವಾದರೆ ಡ್ರೈವರನನ್ನು ಹಿಡಿದು ಬೈಯುತ್ತಿದ್ದರು. ಅವನು ತನ್ನ ಕೈಗಡಿಯಾರ ತೋರಿಸಿದರೆ ನಗುತ್ತಿದ್ದರು. ನಾನೂ ನಕ್ಕವರಲ್ಲಿ ಒಬ್ಬ.

ಅಮಾವಾಸ್ಯೆಯ ದಿನ ಗೇಟು ಮುಚ್ಚಿದಾಗ ಲೆಕ್ಕ ಬಸ್ ಸ್ಟ್ಯಾಂಡಿನ ಬೋರ್ಡಿನ ಮೇಲೆ ಬರುತ್ತಿತ್ತು. ಹೋದ ಸಲಕ್ಕಿಂತ ಎಷ್ಟು ಹೆಚ್ಚು? ಸೊನ್ನೆ, ಸೊನ್ನೆ, ಸೊನ್ನೆ. ಜನ ಚಪ್ಪಾಳೆ ತಟ್ಟಿ ಕಾಯಿ ಒಡೆದು ಮನೆಗೆ ಹೋಗುತ್ತಿದ್ದರು.

ಆ ಸೊನ್ನೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಮೌನೇಶ, ಮಹಾನಂದಾಳ ತಮ್ಮ. ಕೆಳಗಿನ ಸುರಂಗದಲ್ಲಿ ಗುಂಡಿನ ಉಕ್ಕಿನ ಹಗ್ಗ ತಪಾಸಣೆ ಮಾಡುವ ಪಾಳಿಯವನು. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಇವಳೇ ಕಂಕುಳಲ್ಲಿ ಹೊತ್ತು ಬೆಳೆಸಿದಳು. ನಮಗೆ ಮಕ್ಕಳಿಲ್ಲ. ದಿನಾ ಪಾಳಿಗೆ ಹೋಗುವ ಮುಂಚೆ ನಮ್ಮ ಮನೆಯಲ್ಲೇ ರೊಟ್ಟಿ ತಿಂದು ಹೋಗುತ್ತಿದ್ದ.

ಅಂಥ ಒಂದು ಬೆಳಿಗ್ಗೆ ನಾನು ರೇಡಿಯೋ ಮುಂದೆ ಕುಳಿತು ಚಡಪಡಿಸುತ್ತಿದ್ದೆ. ಹಿಂದಿನ ದಿನದ ಕಬಡ್ಡಿ ಫೈನಲಿನ ಫಲಿತಾಂಶ ಬೇಕಿತ್ತು ನನಗೆ. ವಾರ್ತೆಯ ಹೊತ್ತು ಆಗಲೇ ದಾಟಿತ್ತು, ರೇಡಿಯೋದಲ್ಲಿ ಇನ್ನೂ ಯಾವುದೋ ಗೊಬ್ಬರದ ಜಾಹೀರಾತು.

"ಮೊದಲು ಬಸ್ಸಷ್ಟ ತಡಾ ಬರ್ತಿತ್ತು. ಈಗ ರೇಡಿಯೋದವ್ರಿಗೂ ನಿದ್ದಿ ಹತ್ತೈತಿ ನೋಡು," ಎಂದೆ.

ಮೌನೇಶ ನಕ್ಕ. "ಮಾಮಾ, ಹೊರಗಿನವ್ರ ಗಡಿಯಾರ ಎಲ್ಲಾ ಸಡಲ. ನಮ್ಮದು ಕಲ್ಲಿನ ಟೈಮು."

ಮಹಾನಂದಾ ಒಲೆಯ ಮುಂದಿದ್ದಳು. "ಎಷ್ಟು ತಡಾ ಬರ್ತೈತ್ರಿ?" ಎಂದಳು.

"ಐದು ನಿಮಿಷಕ್ಕ ಕಡಿಮಿ ಇಲ್ಲ."

"ಹೋದ ವರ್ಷ ಇಷ್ಟ ಇತ್ತೇನು?"

"ಇಲ್ಲ. ಹೋದ ವರ್ಷ ಒಂದೋ ಎರಡೋ. ಈ ದೀಪಾವಳಿ ಆದಮ್ಯಾಲ ಭಾಳ ಆಗೈತಿ. ಯಾಕ?"

ಹಂಚಿನ ಮೇಲೆ ರೊಟ್ಟಿ ಕರಕಲಾಗಿ ಹೊಗೆ ಬಂತು. ಮೌನೇಶನೇ ಎದ್ದು ಅದನ್ನು ತೆಗೆದ. "ಅಕ್ಕಾ, ಎಲ್ಲೈತಿ ಲಕ್ಷ್ಯ?" ಎಂದು ಚೇಷ್ಟೆ ಮಾಡಿ, ಹೆಲ್ಮೆಟ್ ಎತ್ತಿಕೊಂಡು ಪಾಳಿಗೆ ಹೋದ. ಅವನು ಬಾಗಿಲು ದಾಟಿದ್ದೇ ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಹರಳಿನ ಜೋಡಿ ಹರಳನ್ನ ಓಡಸಾಕತ್ತೀವ್ರಿ," ಎಂದಳು.

ನನಗೆ ತಿಳಿಯಲಿಲ್ಲ. ಅವಳು ನೀರು ಕುಡಿದು ಬಿಡಿಸಿ ಹೇಳಿದಳು. ಸೆಕೆಂಡಿಗೆ ಎಷ್ಟು ನಡುಕ ಎಂದು ಎಣಿಸಬೇಕಾದರೆ ಸೆಕೆಂಡು ಎಂದರೆ ಎಷ್ಟು ಎಂದು ಬೇರೆ ಗಡಿಯಾರವೊಂದು ಕೌಂಟರಿಗೆ ಹೇಳಬೇಕು. ಮೊದಲು ಉಪಗ್ರಹ ಹೇಳುತ್ತಿತ್ತು. ಅದು ಹೋದ ಮೇಲೆ ಕೌಂಟರಿನ ಸ್ವಂತ ಪುಟ್ಟ ಗಡಿಯಾರದಿಂದಲೇ ನಡೆಯುತ್ತಿತ್ತು. ಆದರೆ ಅದು ಬಿಸಿಲೇರಿದರೆ ಒಂದು, ತಂಪಾದರೆ ಇನ್ನೊಂದು ಹೇಳಿ ಕೊನೆಯ ಅಂಕಿಗಳು ಕುಣಿಯುತ್ತಿದ್ದವು. ಹಾಗಾಗಿ ಊರಿನಲ್ಲೇ ಅತ್ಯಂತ ನೆಟ್ಟಗಿನ ಟೈಮಿನ ತಂತಿಯನ್ನು ತಂದು ಕೌಂಟರಿಗೆ ಜೋಡಿಸಿದರು. ಅಂಕಿಗಳು ಗೂಟ ಹೊಡೆದಂತೆ ನಿಂತವು. ಎಲ್ಲರಿಗೂ ಸಂತೋಷವಾಯಿತು. ಆ ತಂತಿ ಬಂದಿದ್ದು ಕಲ್ಲಿನ ಟೈಮಿನಿಂದ. ಕಲ್ಲಿನ ಟೈಮು ಬಂದಿದ್ದು ಅದೇ ಹರಳಿನಿಂದ.

ಒಬ್ಬನೇ ಓಟಗಾರನನ್ನು ಎರಡು ಗೆರೆಗಳ ಮೇಲೆ ಓಡಿಸಿದರೆ ಯಾರೂ ಹಿಂದೆ ಬೀಳುವುದಿಲ್ಲ. ಅವನು ಜೋರಾಗಿ ಓಡಲಿ, ಕುಂಟುತ್ತ ಓಡಲಿ, ವ್ಯತ್ಯಾಸ ಸೊನ್ನೆ.

"ಎರಡೂ ನನಗ ಗೊತ್ತಿತ್ರಿ. ಊರಿನ ಗಡಿಯಾರ ಹರಳಿಗೆ ಕಟ್ಟಿದ್ದೂ ಗೊತ್ತಿತ್ತು, ಕೌಂಟರಿಗೆ ಊರಿನ ಟೈಮು ಕೊಟ್ಟಿದ್ದೂ ಗೊತ್ತಿತ್ತು. ಎರಡನ್ನೂ ಒಮ್ಮೆ ಎದುರಾಬದುರಾ ಇಟ್ಟು ನೋಡ್ಲಿಲ್ಲ. ರೇಡಿಯೋ ಹಿಂದ ಬಿದ್ದಿಲ್ರಿ. ನಾವು ಮುಂದ ಓಡಾಕತ್ತೀವಿ. ಹರಳು ಜೋರಾಗೈತಿ. ಅಂದ್ರ ಬಂಡಿಗಲ್ಲು ಒತ್ತಾಕತ್ತೈತಿ. ಮೌನೇಶ ಅಲ್ಲೇ ಅದಾನ."

ಊರೆಲ್ಲ ಸೇರಿ ಚಪ್ಪಾಳೆ ತಟ್ಟಿದ ಆ ಸೊನ್ನೆಗಳಿಗೆ ಅರ್ಥವೇ ಇರಲಿಲ್ಲ.

ಅವತ್ತೇ ಇಬ್ಬರೂ ಮಂಡಳಿಯ ಮುಖ್ಯಸ್ಥ ಅಸ್ಕಿಹಾಳ ಸಾಹೇಬರ ಕಚೇರಿಗೆ ಹೋದೆವು. ಗುಂಡಿನ ಆಡಳಿತವೆಲ್ಲ ಅವರ ಕೈಯಲ್ಲಿ. ಕೆಟ್ಟವರೇನಲ್ಲ. ಊರು ಮತ್ತೆ ಜಾಲಿಯ ಪಾಲಾಗಬಾರದು ಎಂಬ ಒಂದೇ ಹಂಬಲದವರು. ಮಹಾನಂದಾಳ ಮಾತನ್ನು ಪೂರ್ತಿ ಕೇಳಿ, ಬೆವರೊರೆಸಿಕೊಂಡು, "ತಂತಿ ತಪ್ಪು ಆಗೈತಿ, ಒಪ್ಪಿದೆ ಮೇಡಂ," ಎಂದರು. "ಆದ್ರ ಬಂಡಿಗಲ್ಲು ಒತ್ತಾಕತ್ತೈತಿ ಅನ್ನಾಕ ರೇಡಿಯೋದ ಪೀಂ ಪೀಂ ಸಾಕೇನು? ಅವರ ಗಡಿಯಾರ ಸರಿ ಐತೆಂತ ಯಾರು ಹೇಳ್ಯಾರ? ಉಪಗ್ರಹ ಹೋದಮ್ಯಾಲ ಒಬ್ಬರದೂ ನೆಟ್ಟಗಿಲ್ಲ."

"ಸಾಹೇಬ್ರ, ಪಾಳಿಯವ್ರನ್ನಾರ ಕೆಳಗ ಬಿಡಬ್ಯಾಡ್ರಿ."

"ಹಗ್ಗ ನೋಡದ ಗುಂಡು ಎತ್ತಾಕ ಬರಂಗಿಲ್ಲ, ನಿಮಗೂ ಗೊತ್ತೈತಿ. ಪಾಳಿ ನಿಂತ್ರ ಗುಂಡು ನಿಂತಂಗ. ಒಳ್ಳೆ ಗಡಿಯಾರ ತರಸ್ರಿ, ಪೂರ್ತಿ ಗೇಟು ಎಣಸ್ರಿ. ಲೆಕ್ಕ ಕೆಟ್ಟ ಬಂತು ಅಂದ್ರ ಅವತ್ತ ನಿಲ್ಲಸ್ತೀನಿ. ನಿಯಮ ನಂದಲ್ಲ ಮೇಡಂ, ನಿಮ್ಮದು."

ಮಹಾನಂದಾ ತಲೆ ತಗ್ಗಿಸಿದಳು. ಅವಳು ಆ ಮುದುಕಿಯನ್ನು ನೆನೆಸಿಕೊಂಡಳೆಂದು ನನಗೆ ಗೊತ್ತಾಯಿತು.

ಜಿಲ್ಲಾ ಕೇಂದ್ರದ ಕಾಲೇಜೊಂದರಿಂದ ಪರಮಾಣು ಗಡಿಯಾರದ ಡಬ್ಬಿಯೊಂದನ್ನು ಎರವಲು ತಂದರು. ಜೀಪಿನಲ್ಲಿ ದಾರಿಯುದ್ದಕ್ಕೂ ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು, ಕೂಸನ್ನು ಹಿಡಿದ ಹಾಗೆ. ಅಮಾವಾಸ್ಯೆಯ ದಿನ ಗೇಟು ತೆರೆಯಿತು, ಹಸಿರು ದೀಪ ಹತ್ತಿತು. ಇನ್ನು ಒಂದು ತಿಂಗಳು ಕಾಯಬೇಕು.

ಆ ತಿಂಗಳು ನಾನು ಮನುಷ್ಯನಾಗಿ ಉಳಿಯಲಿಲ್ಲ. ಶಾಲೆಯಲ್ಲಿ ಸುಮ್ಮಸುಮ್ಮನೆ ಸೀಟಿ ಊದುತ್ತಿದ್ದೆ. ಹುಡುಗರು ಓಟ ಶುರು ಮಾಡುವ ಮುಂಚೆಯೇ "ಫೌಲ್" ಎಂದು ಕೂಗಿದೆನಂತೆ. ಮನೆಗೆ ಬಂದರೆ ಕುಳಿತುಕೊಳ್ಳಲು ಆಗುತ್ತಿರಲಿಲ್ಲ, ಅಂಗಳದಲ್ಲಿ ಸುತ್ತುತ್ತಿದ್ದೆ. ಮಹಾನಂದಾ ನನಗೊಂದು ಕೆಲಸ ಕೊಟ್ಟಳು. ಎರವಲು ತಂದ ಡಬ್ಬಿಗೆ ಮುಳ್ಳೂ ಇಲ್ಲ, ಅಂಕಿಯೂ ಇಲ್ಲ, ಅದರ ತಂತಿ ನೇರ ಕೌಂಟರಿನೊಳಗೆ ಸೇರಿತ್ತು; ನಮಗೆ ಸಿಗುವ ಹೊರಗಿನ ಟೈಮೆಂದರೆ ರೇಡಿಯೋದ್ದು ಮಾತ್ರ. ರೇಡಿಯೋ ವಾರ್ತೆಗೆ ಮುಂಚೆ ಪೀಂ ಪೀಂ ಎಂದು ಟೈಮು ಹೇಳುತ್ತಾರಲ್ಲ, ಅದರ ಕೊನೆಯ ಸದ್ದಿಗೆ ನನ್ನ ಸ್ಟಾಪ್‌ವಾಚು ಒತ್ತುವುದು. ಶಾಲೆಯ ಗೋಡೆಯ ಕಲ್ಲಿನ ಟೈಮಿನಲ್ಲಿ ಮುಂದಿನ ನಿಮಿಷ ತುಂಬಿದ ಕೂಡಲೇ ನಿಲ್ಲಿಸುವುದು. ದಿನದಿಂದ ದಿನಕ್ಕೆ ಆ ಅಂತರ ಎಷ್ಟು ಕಿರಿದಾಗುತ್ತದೋ ನಾವು ಅಷ್ಟು ಮುಂದೆ ಓಡಿದ್ದೇವೆ ಎಂದು ಅರ್ಥ. ಮೊದಲ ವಾರ ಹತ್ತು ಸೆಕೆಂಡು ಓಡಿದ್ದೆವು. ಎರಡನೆಯ ವಾರ ಅದಕ್ಕಿಂತ ಹೆಚ್ಚು.

"ಸಾಹೇಬ್ರಿಗೆ ಹೇಳೋಣಲ್ಲ?" ಎಂದೆ.

"ಹೇಳೀನಿ. ಮಾಸ್ತರ್ ಹೆಬ್ಬಟ್ಟಿಲೆ ಒತ್ತಿದ ಲೆಕ್ಕ ನಡಿಯಂಗಿಲ್ಲ ಅಂದ್ರು."

ಮೌನೇಶನಿಗೂ ಹೇಳಿದೆವು. ಒಂದು ತಿಂಗಳು ರಜೆ ಹಾಕು, ಹೊಟ್ಟೆನೋವು ಅನ್ನು, ಮೈಲಿ ಎದ್ದಿದೆ ಅನ್ನು, ಏನಾದರೂ ಅನ್ನು ಎಂದೆವು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅಕ್ಕನ ಮುಖ ನೋಡಿದ.

"ಪಾಳಿಯಾಗ ಹನ್ನೊಂದು ಮಂದಿ ಅದೀವಿ. ಮೇಡಂ ತಮ್ಮ ಮೊದಲ ಓಡಿದಾ ಅಂತಾರ. ಅವರೆಲ್ಲಾ ಯಾರ ಮಾತು ನಂಬಿ ಕೆಳಗ ಇಳದಾರ? ನಿಂದು."

"ನನ್ನ ಮಾತು ತಪ್ಪಾಗೈತಿ ಅಂತ ಹೇಳಾಕತ್ತೀನಲ್ಲೋ, ತಮ್ಮಾ."

"ಗೇಟು ಮುಚ್ಚಲಿ. ಆಮ್ಯಾಲ ನೋಡೋಣ. ಗೇಟು ಮುಚ್ಚೂತನಕ ಏನೂ ಅನ್ನಬಾರದು ಅಂತ ಕಲಿಸಿದಾಕಿ ನೀನ ಅಲ್ಲೇನು?"

ಅವಳು ಅಲ್ಲಿಂದೆದ್ದು ಹಿತ್ತಲಿಗೆ ಹೋದಳು. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನೂ ಅಕ್ಕನಂತೆಯೇ, ಹೇಳಿದ ನಿಯಮ ಬಿಡುವವನಲ್ಲ.

ಇಲ್ಲೊಂದು ಮಾತು ಹೇಳಬೇಕು. ಗುಂಡನ್ನು ನಿಲ್ಲಿಸಲು ಕಾಗದ ಪತ್ರ ಬೇಡದ ದಾರಿಯೊಂದು ಇತ್ತು. ಹರಳಿನಿಂದ ಬರುವ ಸಂಕೇತ ತಪ್ಪಿದರೆ ಗುಂಡಿಗೆ ತಾನಾಗಿಯೇ ಬ್ರೇಕು ಬೀಳುತ್ತದೆ, ಸೈರನ್ ಕೂಗುತ್ತದೆ, ಕೆಳಗಿದ್ದವರೆಲ್ಲ ಕಡ್ಡಾಯವಾಗಿ ಮೇಲೆ ಬರಬೇಕು. ಕೌಂಟರಿನ ಹಿಂದಿರುವ ಒಂದು ತಂತಿ ಕಿತ್ತರೆ ಸಾಕು. ಆದರೆ ಅದನ್ನು ಕಿತ್ತರೆ ಗೇಟಿನ ಎಣಿಕೆಯೂ ಹೋಗುತ್ತದೆ, ಹೇಳಲು ಯಾವ ಪುರಾವೆಯೂ ಉಳಿಯುವುದಿಲ್ಲ. ಈ ವಿಷಯ ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟು ಆಡಲಿಲ್ಲ.

ಅಮಾವಾಸ್ಯೆಗೆ ಇನ್ನೊಂದು ವಾರವಿತ್ತು. ಬೆಳಗಿನ ವಾರ್ತೆಗೆ ಲೆಕ್ಕ ಹಿಡಿದಿದ್ದೆ. ಮಧ್ಯಾಹ್ನ ಹುಡುಗರು ಊಟಕ್ಕೆ ಹೋದಾಗ ಸುಮ್ಮನಿರಲಾರದೆ ಆ ಹೊತ್ತಿನ ವಾರ್ತೆಗೂ ಹಿಡಿದೆ. ವಾಚು ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಎರಡು ಮೂರು ದಿನಕ್ಕೆ ಓಡುತ್ತಿದ್ದಷ್ಟನ್ನು ಹರಳು ಅರ್ಧ ದಿನದಲ್ಲೇ ಓಡಿತ್ತು.

ನಾನು ಓಡಿದೆ. ಇಪ್ಪತ್ತು ವರ್ಷ ಮಕ್ಕಳನ್ನು ಓಡಿಸಿದ್ದೇನೆಯೇ ಹೊರತು ನಾನು ಓಡಿದ್ದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ, "ಮಾಸ್ತರ್, ಯಾವ ಕಪ್ಪಿಗ್ರಿ?" ಎಂದು ಕೂಗಿ ನಕ್ಕರು. ಕೇಂದ್ರ ಮುಟ್ಟುವಷ್ಟರಲ್ಲಿ ಎದೆ ಹೊಡೆದುಕೊಂಡು ಮಾತೇ ಹೊರಡಲಿಲ್ಲ. ವಾಚನ್ನು ಅವಳ ಕೈಗಿಟ್ಟೆ.

ಅವಳು ಅಂಕಿ ನೋಡಿ, ಕೌಂಟರಿನ ಹಸಿರು ದೀಪ ನೋಡಿದಳು. ಪಕ್ಕದ ಕೋಣೆಯಲ್ಲಿ ಗುಂಡೆತ್ತುವ ಯಂತ್ರದ ಗುಂಯ್‌ಗುಡುವಿಕೆ ಎಂದಿನಂತೆ ಕೇಳುತ್ತಿತ್ತು.

"ನಿಮ್ಮ ಕೈ ತಪ್ಪಿರಬಹುದೇನ್ರಿ?"

ತಪ್ಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಕಣ್ಣು ನೋಡಿ ಸುಳ್ಳು ಹೇಳಲು ಆಗಲಿಲ್ಲ. "ತಪ್ಪಿರಬಹುದು," ಎಂದೆ. "ಕೈ ಬೆವತಿತ್ತು."

"ಗುಂಡು ಹತ್ತೂಮುಂದ ಬಂಡಿಗಲ್ಲು ಹಿಗ್ಗತೈತಿ. ಅದೂ ಇರಬಹುದು. ಆ ಮುದುಕಿ ಸತ್ತಾಗೂ ಅರ್ಧ ದಿನದ ಲೆಕ್ಕಾನ ಇತ್ತು." ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. "ಇನ್ನೊಂದು ವಾರ ಕಾದ್ರ ನಂಬರ್ ಸಿಗತೈತಿ. ಆ ನಂಬರ್ ಮುಂದ ಯಾರೂ ಮಾತಾಡಂಗಿಲ್ಲ."

"ಮೌನೇಶ ಎಲ್ಲದಾನ?"

"ಕೆಳಗ."

ನನ್ನ ಹೆಂಡತಿ ಜೀವಮಾನದಲ್ಲಿ ತೆರೆದ ಗೇಟನ್ನು ಮುಟ್ಟಿದವಳಲ್ಲ. ಕೋಣೆಯಲ್ಲಿ ಒಂದು ಇಲಿ ಓಡಿದರೂ ಗದರುತ್ತಿದ್ದವಳು. ಎದ್ದು ಕೌಂಟರಿನ ಹಿಂದೆ ಹೋದಳು. ಒಂದು ಕ್ಷಣ ಎರಡೂ ಕೈ ಜೋಡಿಸಿದಳು, ಯಾರಿಗೆಂದು ನಾನು ಕೇಳಲಿಲ್ಲ. ಆಮೇಲೆ ತಂತಿ ಕಿತ್ತಳು.

ಹಸಿರು ದೀಪ ಆರಿತು. ಪಕ್ಕದ ಕೋಣೆಯ ಯಂತ್ರ ನರಳಿ ನಿಂತಿತು. ಸೈರನ್ ಊರೆಲ್ಲ ಕೂಗಿತು.

ಹನ್ನೊಂದು ಮಂದಿಯೂ ಮೇಲೆ ಬಂದರು. ಮೌನೇಶ ಮುಖದ ಧೂಳೂ ಒರೆಸಿಕೊಳ್ಳದೆ ಕೇಂದ್ರಕ್ಕೆ ನುಗ್ಗಿ, ನೇತಾಡುತ್ತಿದ್ದ ತಂತಿ ನೋಡಿದ, ಅಕ್ಕನನ್ನು ನೋಡಿದ. ತಿರುಗಿ ಹೊರಟುಹೋದ. ಅಸ್ಕಿಹಾಳರು ಮಾತ್ರ ಅತ್ತೇಬಿಟ್ಟರು. "ಇನ್ನೊಂದು ವಾರ ಇತ್ತಲ್ಲ ಮೇಡಂ! ಬರೇ ಒಂದು ವಾರ! ಈಗ ನಾನು ಯಾರಿಗೆ ಏನ್ ತೋರಿಸ್ಲಿ?" ಎಂದು ಹಣೆ ಬಡಿದುಕೊಂಡರು. ಅವಳನ್ನು ಅಲ್ಲೇ ಕೆಲಸದಿಂದ ಅಮಾನತು ಮಾಡಿದರು.

ಸಂಜೆ ಊರಿಗೆ ದೀಪವಿಲ್ಲ. ಗುಂಡು ಬಾವಿಯ ನಡುವೆ ತೂಗುತ್ತ ನಿಂತಿತ್ತು. ಆಸ್ಪತ್ರೆಯ ಜನರೇಟರು ಮಾತ್ರ ದಡದಡ ಸದ್ದು ಮಾಡುತ್ತಿತ್ತು. ಮಹಾನಂದಾ ಕಿಟಕಿಯಲ್ಲಿ ಕುಳಿತು ಅದನ್ನೇ ಆಲಿಸುತ್ತಿದ್ದಳು, ಅದು ನಿಂತರೆ ತನ್ನ ಉಸಿರೂ ನಿಲ್ಲುತ್ತದೆ ಎನ್ನುವಂತೆ. ಓಣಿಯಲ್ಲಿ ಹೋಗುವವರು ನಮ್ಮ ಬಾಗಿಲ ಮುಂದೆ ಬೇಕೆಂದೇ ಜೋರಾಗಿ ಮಾತಾಡಿಕೊಂಡು ಹೋದರು. "ಕೌಂಟರ್ ಮೇಡಂಗೆ ಎಣಿಕಿ ತಪ್ಪೇತಿ" ಎಂದು ಒಬ್ಬ. ಬಂಡೆ ಬೀಳಲಿ ಎಂದು ನನ್ನ ಮನಸ್ಸಿನ ಒಂದು ಮೂಲೆ ಬಯಸಿತು. ಹಾಗೆ ಬಯಸಿದ್ದಕ್ಕೆ ನಾಚಿಕೆಯೂ ಆಯಿತು.

ಬೆಳಿಗ್ಗೆ ತಂತಿ ಜೋಡಿಸಿ, ಗುಂಡು ಮತ್ತೆ ಶುರು ಮಾಡುವುದೆಂದು ತೀರ್ಮಾನವಾಗಿತ್ತು. ಪಾಳಿಯವರು ಗಣಿಬಾವಿಯ ಬಾಯಿಯ ಹತ್ತಿರ ಸೇರಿ ಚಹಾ ಕುಡಿಯುತ್ತಿದ್ದರು. ಆಗ ನೆಲ ಒಮ್ಮೆ ಅದುರಿತು. ಕೈಯಲ್ಲಿದ್ದ ಲೋಟದಿಂದ ಚಹಾ ತುಳುಕಿತಂತೆ, ಅಷ್ಟೇ. ಆಮೇಲೆ ಬಾವಿಯೊಳಗಿಂದ ಧೂಳು ಮೇಲೆ ಬಂತು. ಕೆಳಗಿನ ಸುರಂಗ ಪೂರ್ತಿ ಮುಚ್ಚಿಹೋಗಿತ್ತು. ಹಗ್ಗ ನೋಡುವವರು ದಿನಾ ನಿಲ್ಲುವ ಜಾಗದ ಮೇಲೆ ಗುಡ್ಡದಷ್ಟು ಕಲ್ಲು.

ನಾನು ಖುಷಿಯಿಂದ ಹುಚ್ಚನಾದೆ. ಎಲ್ಲರೂ ಬದುಕಿದರು, ನನ್ನ ಹೆಂಡತಿ ಗೆದ್ದಳು ಎಂದುಕೊಂಡೆ. ಎಂಥ ದಡ್ಡ!

ವಿಚಾರಣೆಗೆ ಪರವೂರಿನಿಂದ ಮೂವರು ತಜ್ಞರು ಬಂದರು. ಶಾಲೆಯ ಹಾಲ್‌ನಲ್ಲಿ ಊರೆಲ್ಲ ಸೇರಿತ್ತು. ಅವರ ಪ್ರಶ್ನೆ ಸರಳವಾಗಿತ್ತು: ಅಷ್ಟು ಭಾರಕ್ಕೆ ಹಠಾತ್ತನೆ ಬ್ರೇಕು ಬಿದ್ದಿದೆ, ರಾತ್ರಿಯಿಡೀ ಅದು ಒಂದೇ ಕಡೆ ತೂಗಿದೆ. ಆ ಏಟಿಗೇ ಬಂಡೆ ಒಡೆದಿರಬಹುದಲ್ಲ?

ಮಹಾನಂದಾ ಎದ್ದು ನಿಂತಳು. "ಇರಬಹುದು," ಎಂದಳು.

"ತಂತಿ ಕೀಳದಿದ್ದರೆ ಬಂಡೆ ಬೀಳುತ್ತಲೇ ಇರಲಿಲ್ಲ ಎಂದು ಹೇಳಬಹುದೇ?"

"ಅದನ್ನ ಹೇಳಾಕ ಪೂರ್ತಿ ಗೇಟಿನ ಲೆಕ್ಕ ಬೇಕ್ರಿ. ಅದು ನನ್ನ ಹತ್ರ ಇಲ್ಲ."

ನಾನು ಹಿಂದಿನ ಸಾಲಿನಿಂದ ಎದ್ದು ಕೂಗಿದೆ. ರೇಡಿಯೋದ ಸೆಕೆಂಡುಗಳನ್ನು ಹೇಳಿದೆ, ಸ್ಟಾಪ್‌ವಾಚು ಎತ್ತಿ ತೋರಿಸಿದೆ. ತಜ್ಞರಲ್ಲಿ ಒಬ್ಬರು ಬಹಳ ಮರ್ಯಾದೆಯಿಂದ, "ಮಾಸ್ತರ್, ತಾವು ಅವರ ಯಜಮಾನರಲ್ಲವೇ?" ಎಂದು ಕೇಳಿದರು. ಜನ ನಕ್ಕರು. ನಾನು ಕುಳಿತೆ. ಇಂದಿಗೂ ಆ ನಗು ನೆನಪಾದರೆ ಮೈ ಉರಿಯುತ್ತದೆ.

ಅವಳ ಕೆಲಸ ಹೋಯಿತು. ಗುಂಡು ಇನ್ನೆಂದೂ ಏಳುವಂತಿರಲಿಲ್ಲ. ಗಿರಣಿ ಮುಚ್ಚಿತು, ಒಂದೊಂದೇ ಮನೆಗೆ ಬೀಗ ಬಿತ್ತು, ನನ್ನ ಶಾಲೆಯಲ್ಲಿ ಮಕ್ಕಳು ಅರ್ಧವಾದರು. ಹೋಗುವವರು ನಮ್ಮ ಮನೆಯ ಕಡೆ ತಿರುಗಿ ನೋಡಿ, ಉಗುಳಿ ಹೋದರು.

ಮೌನೇಶನಿಗೂ ಕೆಲಸವಿಲ್ಲ. ಕೆಲವು ದಿನ ನಮ್ಮ ಮನೆಯ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು, ತನ್ನ ಮಾಮೂಲು ಜಾಗದಲ್ಲಿ ಕುಳಿತ. ಮಹಾನಂದಾ ತಟ್ಟೆ ಇಟ್ಟಳು. ಎರಡು ತುತ್ತು ತಿಂದವನು ಶುರು ಮಾಡಿದ.

"ಊರು ಹಾಳ್ ಮಾಡಿದಿ ಅಕ್ಕಾ. ಹನ್ನೊಂದು ಮನಿ ಒಲಿ ಆರಿಸಿದಿ. ಒಂದು ವಾರ ಕಾಯಾಕ ಆಗ್ಲಿಲ್ಲೇನು? ನಿನಗ? ಜನ್ಮಪೂರ್ತಿ ಕಾದಾಕಿಗೆ? ಗುಂಡು ತಡದಿದ್ದಕ್ಕ ಬಂಡಿಗಲ್ಲು ಬಿತ್ತು, ಎಲ್ಲಾರೂ ಅದನ್ನ ಹೇಳ್ತಾರ. ನಾನೂ ಅದನ್ನ ಹೇಳ್ತೀನಿ."

ನನ್ನ ತಾಳ್ಮೆ ತೀರಿತು. ಅವನ ಕೊರಳಪಟ್ಟಿ ಹಿಡಿದು, ನೀನು ಇವತ್ತು ಯಾಕೆ ಉಸಿರಾಡುತ್ತಿದ್ದೀಯ ಗೊತ್ತೇ ಎಂದು ಕೇಳಲು ಎದ್ದೆ. ಮಹಾನಂದಾ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಹೊರಗೆ ಅವನ ಬೈಗುಳ ನಡೆದೇ ಇತ್ತು.

"ಖರೇ ಹೇಳಿಬಿಡೋಣ," ಎಂದೆ. ನನ್ನ ಕಣ್ಣಲ್ಲಿ ನೀರಿತ್ತು.

"ಯಾವುದ್ರೀ ಖರೇ? ನನಗ ಗೊತ್ತಿಲ್ಲಲ್ಲ." ಒಲೆಯ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿ ಅವಳು ಹೊರಗಿನ ಆ ದನಿಯನ್ನು ಒಂದು ಗಳಿಗೆ ಕೇಳಿದಳು. "ಬೈಲಿ ಬಿಡ್ರಿ. ಬೈಯಾಕ ಅದಾನಲ್ಲ."

ಬಿಸಿ ರೊಟ್ಟಿಯನ್ನು ತೆಗೆದುಕೊಂಡು ಹೋಗಿ ಅವನ ತಟ್ಟೆಗೆ ಹಾಕಿದಳು. ಅವನು ಬೇಡವೆನ್ನಲಿಲ್ಲ. ಅಕ್ಕನನ್ನು ಬೈಯುತ್ತಲೇ ಮುರಿದು ತಿಂದ.